ಒಪ್ಪೊತ್ತು ಇದ್ರೆ ತೂಕ ಇಳಿಯುತ್ತಾ?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ ಶ್ರಾವಣ ಬಂತಂದ್ರೆ ಹಿರಿಯರು ಸೋಮವಾರ, ಶನಿವಾರ ಒಪ್ಪೊತ್ತು ಇರ್ತಾರೆ. ಹೆಚ್ಚುಕಮ್ಮಿ ಅದೇ ಈಗ ನಿಮ್ಮ ಮೊಬೈಲ್‌ನಲ್ಲಿ ‘ಇಂಟರ್‌ಮಿಟೆಂಟ್ ಫಾಸ್ಟಿಂಗ್’: 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ.

ತೂಕ ಇಳಿಯುತ್ತೆ, ಆದರೆ ಗಡಿಯಾರದಿಂದಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಜನರ ಮೇಲೆ ವರ್ಷವಿಡೀ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. ಎಲ್ಲರಿಗೂ ಕ್ಯಾಲೊರಿ ಕಡಿತ. ಅರ್ಧ ಜನ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೇ ಉಣ್ಣಬೇಕಿತ್ತು. ಅವರು ಸರಾಸರಿ 8 ಕೆಜಿ ಇಳಿದರು, ಉಳಿದವರು 6.3. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ.

ಒಪ್ಪೊತ್ತಿನಿಂದ ರಾತ್ರಿ ಹತ್ತರ ಗೋಬಿ ತಪ್ಪಿದ್ರೆ ಲಾಭ. ಮುದ್ದೆ ಬಿಟ್ಟು ‘ಫಲಾಹಾರ’ ಅಂತ ಎರಡು ತಟ್ಟೆ ಉಪ್ಪಿಟ್ಟು ಹೊಡೆದ್ರೆ? ಅದೂ ಊಟವೇ ಸ್ವಾಮಿ! ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು, ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.