ಕಂಬಂ ಬಾವಿಯಿಂದ ನೇತ್ರಾಣಿಯ ತಳಕ್ಕೆ

ಪಡುವಣಕ್ಕೆ ಏಲಕ್ಕಿ ಬೆಟ್ಟ, ಮೂಡಣಕ್ಕೆ ಮೇಘಮಲೆ. ಇವೆರಡರ ನಡುವಿನ ತಮಿಳುನಾಡಿನ ಕಂಬಂ ಕಣಿವೆಗೆ ಸಮುದ್ರದ ಸಂಗ ಇಲ್ಲ. ಹಾಗಂತ ನೀರಿಗೇನೂ ಬಡತನವಿಲ್ಲ. 1895ರಲ್ಲಿ ಪೆನ್ನಿಕ್ವಿಕ್ ದೊರೆ ಮುಲ್ಲೈಪೆರಿಯಾರ್ ಅಣೆ ಕಟ್ಟಿ ಮುಗಿಸಿ, ಕೇರಳದ ಕಡೆ ಇಳಿಯುತ್ತಿದ್ದ ನೀರನ್ನು ಬೆಟ್ಟ ಕೊರೆದು ಈಚೆಗೆ ತಿರುಗಿಸಿದ. ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ದೇವರ ಪಟದ ಪಕ್ಕ ಆ ಇಂಗ್ಲಿಷ್ ಎಂಜಿನಿಯರನ ಪಟ ಕಾಣುತ್ತದೆ; ಗಂಡುಮಕ್ಕಳಿಗೆ ಅವನ ಹೆಸರಿಟ್ಟವರೂ ಇದ್ದಾರೆ. ಲೋವರ್ ಕ್ಯಾಂಪಿನಿಂದ ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು ದಾಟಿ ವೀರಪಾಂಡಿಯವರೆಗೂ ಹೊಳೆಯ ಪಕ್ಕ ಭತ್ತದ ಗದ್ದೆ. ಸ್ವಲ್ಪ ಎತ್ತರದಲ್ಲಿ ಪನ್ನೀರ್ ದ್ರಾಕ್ಷಿಯ ಚಪ್ಪರಗಳು, ಬಾಳೆ, ತೆಂಗು. ಅವುಗಳ ನಡುವೆ ಬಾವಿಗಳು.

ಬಾವಿ ಅಂದರೆ ರಾಟೆ ಹಗ್ಗದ ಮನೆಬಾವಿಯಲ್ಲ. ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಕಾಲದವು. ಒಂದು ಮನೆಯನ್ನೇ ಒಳಗಿಡಬಹುದಾದಷ್ಟು ಅಗಲ. ಗೋಡೆಯಿಂದ ಹೊರಚಾಚಿದ ಚಪ್ಪಡಿಗಳೇ ಮೆಟ್ಟಿಲು. ಕೆಳಗಿನ ಚಪ್ಪಡಿಗಳು ಪಾಚಿ ಹಿಡಿದು ಕಾಲಿಗೆ ಜಾರುತ್ತವೆ. ಮೂಲೆಯಲ್ಲಿ ಪಂಪ್‌ಸೆಟ್ಟಿನ ಪೈಪು ನೀರಿಗಿಳಿದಿರುತ್ತದೆ. ಬೇಸಿಗೆ ರಜೆಯಲ್ಲಿ ಕಣಿವೆಯ ಹುಡುಗರಿಗೆ ಈಜು ಕಲಿಸುವುದು ಇಲ್ಲೇ. ಮೊದಲು ಸೊಂಟಕ್ಕೆ ಅಮ್ಮನ ಹಳೆ ಸೀರೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಯಾರಾದರೂ ಹಿಡಿದಿರುತ್ತಾರೆ. ಆಮೇಲೆ ಬೆನ್ನಿಗೆ ಒಣ ಸೋರೆಬುರುಡೆ. ಈಗ ಅದರ ಜಾಗಕ್ಕೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಬಂದಿದೆ. ಕೊನೆಗೊಂದು ದಿನ ಸೋದರಮಾವ ಸದ್ದಿಲ್ಲದೆ ಹಿಂದಿನಿಂದ ಬಂದು ತಳ್ಳುತ್ತಾನೆ. ಪಾಠ ಮುಗಿಯಿತು.

ಈಜು ಬಂದ ಮೇಲೆ ಮುಳುಗು. ತಳಕ್ಕೆ ಹೋಗಿ ಒಂದು ಹಿಡಿ ಕೆಸರು ತಂದು ತೋರಿಸಿದವನೇ ಗಂಡಸು. ಮೇಲಿನ ನೀರು ಬಿಸಿಲಿಗೆ ಬೆಚ್ಚಗಿರುತ್ತದೆ. ಎರಡಾಳು ಇಳಿದರೆ ಯಾರೋ ಗೆರೆ ಎಳೆದಂತೆ ಥಟ್ಟನೆ ಕೊರೆಯುವ ಚಳಿ ಶುರುವಾಗುತ್ತದೆ. ಕಿವಿ ಚುಚ್ಚುತ್ತದೆ. ಆದರೂ ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ ಹೋಗುವುದು. ಈ ವಿದ್ಯೆಗೆ ಊರಲ್ಲಿ ಬೆಲೆಯೂ ಇತ್ತು. ಬಿದ್ದ ಕೊಡಕ್ಕೆ ಪಾತಾಳಗರಡಿ ಸಾಕು. ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ, ನಾರು ಸಿಕ್ಕಿ ಮೋಟರ್ ನೀರು ಎಳೆಯದಾದರೆ ಮನುಷ್ಯನೇ ಇಳಿಯಬೇಕು. ನನ್ನ ಮಾವ ಆ ಕೆಲಸಕ್ಕೆ ಹೆಸರಾದವನು. ಬೀಡಿ ಆರಿಸಿ, ಲುಂಗಿ ಬಿಚ್ಚಿಟ್ಟು, ಚಡ್ಡಿಯಲ್ಲಿ ಇಳಿದರೆ ಮೇಲೆ ನಿಂತವರಿಗೆ ಕಾಣುವುದು ಗುಳ್ಳೆ ಮಾತ್ರ. ಗುಳ್ಳೆಯೂ ನಿಂತ ಮೇಲೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಅತ್ತೆ ಮಾತ್ರ ಬಾವಿಯ ಕಡೆ ಬರುತ್ತಲೇ ಇರಲಿಲ್ಲ.

ನಮ್ಮವರು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಪ್ಪಿಲಿಯರ್ ಎಂದು ಊರವರು ಕರೆಯುವ ಒಕ್ಕಲಿಗರು ಈ ಕಣಿವೆಯಲ್ಲಿ ತಲೆತಲಾಂತರದಿಂದ ಇದ್ದಾರೆ. ಕಂಬಂನಲ್ಲಿ ಅವರು ಸಾಕುವ ದೇವರ ದನಗಳ ತೊಳುವಿಗೆ, ಅಂದರೆ ಕೊಟ್ಟಿಗೆಗೆ, ಮಾಟ್ಟು ಪೊಂಗಲ್ ದಿನ ಜಾತ್ರೆಯಂತೆ ಜನ. ಹಳೆ ಊರು ಕರ್ನಾಟಕ ಅನ್ನುವುದು ಅಜ್ಜಿಯರ ಬಾಯಲ್ಲಿದೆ. ಎಲ್ಲಿ, ಯಾವಾಗ ಎಂದರೆ ಒಬ್ಬೊಬ್ಬರದು ಒಂದೊಂದು ಕಥೆ.

ಮಾವನ ಮಗ ಬೆನ್ನಿಗೆ ಚೀಲ ಹಾಕಿಕೊಂಡು ಕನ್ನಡ ಕರಾವಳಿಯ ದ್ವೀಪಗಳನ್ನು ಸುತ್ತುವ ಯೋಜನೆ ತಂದಾಗ ನಾನೂ ಹೊರಟೆ. ದಿಂಡಿಗಲ್ ಜಂಕ್ಷನ್ನಿನಲ್ಲಿ ಸಂಜೆ ಮೈಸೂರು ರೈಲು ಹತ್ತುವಾಗ ಬಂಡೆಯ ಮೇಲಿನ ಕೋಟೆ ಕಾಣುತ್ತಿತ್ತು. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಹೈದರಾಲಿ ಬಂದದ್ದು ಇದೇ ಊರಿಗೆ. ಬೆಂಗಳೂರು ದಾಟಿ, ಘಟ್ಟ ಇಳಿದು, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ಲಾವಾ ಆರಿ ಕಂಬಕಂಬವಾಗಿ ಸೀಳಿದ ಬಂಡೆಗಳು ಚೆಂದ. ಸೆಲ್ಫಿಯ ನೂಕುನುಗ್ಗಲು ಅಷ್ಟೇ ಅಸಹ್ಯ. ಹೊನ್ನಾವರದ ಹತ್ತಿರದ ಬಸವರಾಜದುರ್ಗವನ್ನು ದಡದಿಂದ ನೋಡಿದ್ದಷ್ಟೇ. ಮನಸ್ಸೆಲ್ಲ ನೇತ್ರಾಣಿಯ ಮೇಲಿತ್ತು.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇ ತನಕ, ಬೆಳಿಗ್ಗೆ ದೋಣಿಗಳು ಹೊರಡುತ್ತವೆ. ಹಿಂದಕ್ಕೆ ತಿರುಗಿ ನೋಡಿದರೆ ಗೋಪುರವೂ ಶಿವನ ದೊಡ್ಡ ಮೂರ್ತಿಯೂ ಸಣ್ಣದಾಗುತ್ತಾ ಹೋಗುತ್ತವೆ. ಮುಂದೆ ಕಾಡು ಹೊದ್ದ ಒಂಟಿ ಗುಡ್ಡ ಎದ್ದು ಬರುತ್ತದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಹೃದಯದ ಆಕಾರ. ದೋಣಿಯಿಂದ ಕಾಣುವುದು ಬರೀ ಕಡಿದಾದ ಬಂಡೆ. ಮರಳಿನ ದಂಡೆ ಇಲ್ಲ, ಮುಳುಗಲು ಬಂದವರು ಮೇಲೆ ಇಳಿಯುವುದೂ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದೊಂದು ಸುತ್ತುತ್ತಿತ್ತು. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ ದ್ವೀಪ ಇದು. ‘ಗಂಧದ ಗುಡಿ’ ಚಿತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಮುಳುಗಿದ್ದೂ ಇಲ್ಲೇ. ದೋಣಿಯಲ್ಲಿದ್ದ ಬೆಂಗಳೂರಿನ ಹುಡುಗರಿಗೆ ನೇತ್ರಾಣಿ ಅಂದರೆ ಆ ಎರಡನೆಯದು ಮಾತ್ರ.

ಸ್ಕೂಬಾ ಕಲಿಸುವವನು ಕರಾವಳಿಯ ಹುಡುಗ, ಬಿಸಿಲಿಗೆ ಬೆಂದು ತಾಮ್ರವಾದವನು. ಮಾವನ ಮಗನ ಎರಡು ಮಾತು ಕೇಳಿ ತಲೆ ಎತ್ತಿದ. “ಇದು ಯಾವ ಊರಿನ ಕನ್ನಡ ಮಾರಾಯ್ರೆ?”

“ತೇನಿ ಜಿಲ್ಲೆ. ಕಂಬಂ.”

“ಅಲ್ಲಿ ಸಮುದ್ರ ಉಂಟಾ?”

“ಬಾವಿ ಇದೆ. ಮೂರಾಳು ಆಳ ಮುಳುಗ್ತೀನಿ,” ಅಂದ ಇವನು ಎದೆಯುಬ್ಬಿಸಿ.

ಹುಡುಗ ನಗಲಿಲ್ಲ. “ಹಾಗಾದ್ರೆ ನಿಮ್ಮನ್ನೇ ಸ್ವಲ್ಪ ಜಾಸ್ತಿ ನೋಡ್ಕೊಳ್ಬೇಕು. ಈಜು ಬಾರದವ್ರು ಹೇಳಿದ ಹಾಗೆ ಕೇಳ್ತಾರೆ. ಬಾವಿಯವ್ರು ಉಸಿರು ಹಿಡೀತಾರೆ.”

ಸ್ಕೂಬಾದ ಮೊದಲ ನಿಯಮವೇ ಅದು: ಉಸಿರು ಕಟ್ಟಬಾರದು. ಬಾವಿಯಲ್ಲಿ ಇಡೀ ವಿದ್ಯೆ ನಿಂತಿರುವುದೇ ಕಟ್ಟಿದ ಉಸಿರಿನ ಮೇಲೆ. ಇಲ್ಲಿ ಅದೇ ಅಪಾಯ. ಕಾರಣ ಸರಳ. ನೆಲದ ಮೇಲೆ ಒಂದು ವಾತಾವರಣದ ಒತ್ತಡವಾದರೆ 10 ಮೀಟರ್ ನೀರಿನ ಕೆಳಗೆ ಎರಡು. ಬಾವಿಗೆ ಧುಮುಕುವವನು ಮೇಲಿನ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಹೋಗುತ್ತಾನೆ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನವನು ಹಾಗಲ್ಲ, ಕೆಳಗಿನ ಒತ್ತಡಕ್ಕೆ ಸರಿಯಾದ ಗಾಳಿಯನ್ನು ಅಲ್ಲೇ ಎಳೆದುಕೊಳ್ಳುತ್ತಾನೆ. ಅದನ್ನು ಹಿಡಿದಿಟ್ಟು ಮೇಲಕ್ಕೆ ಬಂದರೆ 10 ಮೀಟರಿನಲ್ಲಿ ಎದೆ ತುಂಬಿದ್ದ ಗಾಳಿ ಎರಡರಷ್ಟಾಗಲು ನೋಡುತ್ತದೆ. ಬೋಡಿಮೆಟ್ಟಿನ ಘಾಟಿ ಹತ್ತುವಾಗ ಬಸ್ಸಿನಲ್ಲಿ ಚಿಪ್ಸ್ ಪೊಟ್ಟಣ ಬಿರಿಯುವಂತೆ ಉಬ್ಬುತ್ತದಲ್ಲ, ಶ್ವಾಸಕೋಶದ ಪಾಡೂ ಅದೇ. ಆದ್ದರಿಂದ ಎಳೆ, ಬಿಡು, ಎಳೆ, ಬಿಡು. ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದಿದ್ದರೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು.

ಅಂದಹಾಗೆ, ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಅಲ್ಲ. ನಾವು ಉಸಿರಾಡುವ ಗಾಳಿಯನ್ನೇ ಸೋಸಿ 200 ಬಾರ್ ಒತ್ತಡಕ್ಕೆ ತುಂಬಿರುತ್ತಾರೆ. ಬೇಕಾದಾಗ ಬೇಕಾದಷ್ಟು ಬಿಡುವ ಕವಾಟವನ್ನು ಕೂಸ್ಟೊ ಮತ್ತು ಗಾನ್ಯಾನ್ ಎಂಬ ಫ್ರೆಂಚರು 1943ರಲ್ಲಿ ರೂಪಿಸಿದರು. ಅದಕ್ಕೆ ಮೊದಲು ಹೆಚ್ಚಾಗಿ ಕಟ್ಟಿದ ಉಸಿರೇ, ಇಲ್ಲವೇ ಮೇಲಿನಿಂದ ಬಿಟ್ಟ ಕೊಳವೆ. ನಮ್ಮ ತೂತ್ತುಕುಡಿಯ ಮುತ್ತಿನವರು ಕಲ್ಲಿನ ಮೇಲೆ ಕಾಲೂರಿ, ಹಗ್ಗ ಹಿಡಿದು ಇಳಿದು, ಚಿಪ್ಪು ಬಾಚಿ, ಹಗ್ಗ ಜಗ್ಗುತ್ತಿದ್ದರು. ಮಾವ ಆ ಸಾಲಿನವನು.

ದೋಣಿಯ ಅಂಚಿನಲ್ಲಿ ಬೆನ್ನು ಕಡಲಿಗೆ ಮಾಡಿ ಕೂತು, ಒಂದು ಕೈಯಲ್ಲಿ ಮಾಸ್ಕನ್ನೂ ರೆಗ್ಯುಲೇಟರನ್ನೂ ಒತ್ತಿ ಹಿಡಿದು ಹಿಂದಕ್ಕೆ ಬಿದ್ದರೆ ಒಂದು ಕ್ಷಣ ಮೇಲು ಕೆಳಗು ತಿಳಿಯುವುದಿಲ್ಲ. ಆಮೇಲೆ ಹಗ್ಗ ಹಿಡಿದು ಮೆಲ್ಲಗೆ ಇಳಿಯುವುದು. ತೋಳಿನಷ್ಟು ಇಳಿದಾಗಲೆಲ್ಲ ಮೂಗು ಹಿಡಿದು ಊದಬೇಕು. ಕಿವಿಯೊಳಗೆ ಕಿರ್ರೆಂದು ಬಾಗಿಲು ತೆರೆದು ನೋವು ಮಾಯ. ಇಷ್ಟು ಸಣ್ಣ ಉಪಾಯ ಗೊತ್ತಿದ್ದರೆ ಕಣಿವೆಯ ಎಷ್ಟು ಹುಡುಗರ ಕಿವಿ ಉಳಿಯುತ್ತಿತ್ತೋ!

ಮಾವನ ಮಗ ಪಕ್ಕದಲ್ಲಿದ್ದ. ಅವನ ಗುಳ್ಳೆ ನಿಂತಿತ್ತು. ಕಣ್ಣು ಅಗಲ, ಕೆನ್ನೆ ಉಬ್ಬು: ಥೇಟ್ ಫುಟ್‌ವಾಲ್ವಿಗೆ ಹೊರಟ ಅವನಪ್ಪ. ಕಲಿಸುವ ಹುಡುಗ ಅವನ ಮುಖದ ಮುಂದೆ ಬಂದು, ತನ್ನ ಎದೆಯ ಮೇಲೆ ಅಂಗೈಯಿಟ್ಟು, ನಿಧಾನವಾಗಿ ಹೊರಕ್ಕೆ ಚಾಚಿದ. ಮತ್ತೆ ಅದೇ. ಗುಳ್ಳೆಗಳು ಗುಂಪಾಗಿ ಹೊರಟವು. ಇವನು ಖುಷಿಯಿಂದ ಹೆಬ್ಬೆಟ್ಟು ಎತ್ತಿ ತೋರಿಸಿದ. ನೀರೊಳಗೆ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ! ಹುಡುಗ ತಲೆಯಾಡಿಸಿ, ಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದ.

ಕೆಳಗೆ ಬಂಡೆಯ ಮೈಗೆ ಹವಳ ಅಂಟಿತ್ತು. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿದವು. ಗಿಳಿಮೀನೊಂದು ಬಂಡೆ ಕಡಿಯುವ ಕಟಕಟ ಸದ್ದು ನಿಚ್ಚಳವಾಗಿ ಕೇಳುತ್ತಿತ್ತು. ಎತ್ತಲಿಂದ ಎಂದು ಮಾತ್ರ ಹೇಳಲಾಗದು, ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಬಂದು ಎರಡೂ ಕಿವಿಗೆ ಒಟ್ಟಿಗೇ ತಾಗುತ್ತದೆ. ಬಿರುಕಿನಿಂದ ತಲೆ ಹಾಕಿದ ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಹೆದರಿಸುವುದಕ್ಕಲ್ಲ, ಅದರ ಉಸಿರಾಟವೇ ಹಾಗೆ. ಮಾವನ ಮಗನ ಮಣಿಕಟ್ಟಿನಲ್ಲಿ ವೀರಪಾಂಡಿ ಗೌಮಾರಿಯಮ್ಮನ ಕೆಂಪು ದಾರ ಇತ್ತು; ಇಳಿಯುತ್ತಾ ಅದು ಕಂದಾಗಿ, ಮಸಿಯಾಗಿತ್ತು. ನೀರು ಮೊದಲು ನುಂಗುವುದು ಕೆಂಪನ್ನೇ. ಹುಡುಗ ಟಾರ್ಚ್ ಬಿಟ್ಟಾಗ ದಾರ ಧಗ್ಗನೆ ಕೆಂಪಾಯಿತು.

ಸಿಲಿಂಡರಿನ ಗೇಜಿನ ಮುಳ್ಳು 50 ಬಾರ್‌ಗೆ ಬರುವ ಮೊದಲೇ ಮೇಲಕ್ಕೆ. ಅದೂ ಗುಳ್ಳೆಗಿಂತ ನಿಧಾನ; 5 ಮೀಟರಿನಲ್ಲಿ ಮೂರು ನಿಮಿಷ ಹಗ್ಗ ಹಿಡಿದು ತೂಗಾಡುವುದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಸಾವಧಾನವಾಗಿ ಹೊರಬರಲಿ ಎಂದು. ಅವಸರ ಮಾಡಿದರೆ ಅದು ಮೈಯೊಳಗೇ ಗುಳ್ಳೆ ಕಟ್ಟುತ್ತದೆ.

ಈ ಪಾಠ ನಮ್ಮ ಕಣಿವೆಯವರಿಗೆ ಇನ್ನೊಂದು ಕಾರಣಕ್ಕೂ ಬೇಕು. ಮುಳುಗಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ಎತ್ತರದ ಬೆಟ್ಟಕ್ಕೂ ಅದೇ ಎಚ್ಚರ, ಯಾಕೆಂದರೆ ಅಲ್ಲಿಯೂ ಒತ್ತಡ ಕಡಿಮೆ.  ನೇತ್ರಾಣಿಗಿಂತ ನಮಗೆ ಹತ್ತಿರದ್ದು ಮನ್ನಾರ್ ಕೊಲ್ಲಿ. ಅಲ್ಲಿನ 21 ದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ, ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಆದರೆ ರಾಮೇಶ್ವರದ ಕಡೆ ಮುಳುಗು ಕಲಿಸುವವರು ಬಂದಿದ್ದಾರೆ. ಬೆಳಿಗ್ಗೆ ಅಲ್ಲಿ ಮುಳುಗಿ, ರಾತ್ರಿ ಕೊಡೈಕಾನಲ್‌ನಲ್ಲಿ ಕಂಬಳಿ ಹೊದೆಯುವ ಪ್ಯಾಕೇಜು ಯೋಚಿಸುವವರು ಇದ್ದೇ ಇರುತ್ತಾರೆ. ಕೊಡೈ ಇರುವುದು 2,100 ಮೀಟರ್ ಎತ್ತರದಲ್ಲಿ. ಅಂಥವರು ದಿಂಡಿಗಲ್‌ನಲ್ಲೇ ಇಳಿದು, ಸೀರಗ ಸಾಂಬಾ ಅಕ್ಕಿಯ ಬಿರಿಯಾನಿ ತಿಂದು, ಒಂದು ರಾತ್ರಿ ಲಾಡ್ಜಿನಲ್ಲಿ ಮಲಗಿ, ಮರುದಿನ ನಿಧಾನವಾಗಿ ಬೆಟ್ಟದ ಬಸ್ಸು ಹತ್ತಲಿ.