ಗಂಟಲು ನೋವು ಹೋಯಿತು, ಔಷಧ ನಿಲ್ಲಿಸಬಹುದೇ?

ಕಿರುನಾಲಗೆಯ ಎರಡೂ ಪಕ್ಕದಲ್ಲಿರುವ ಟಾನ್ಸಿಲ್‌ಗಳು ಗಂಟಲಿನ ಕಾವಲುಗಾರರು. ರೋಗಾಣುಗಳೊಡನೆ ಹೋರಾಡುವಾಗ ಅವು ಕೆಂಪಾಗಿ ಊದಿಕೊಳ್ಳುತ್ತವೆ. ಆಗ ಮಗು ಉಗುಳು ನುಂಗಲೂ ಅಳುತ್ತದೆ.

ಮಕ್ಕಳ ಗಂಟಲು ನೋವಿಗೆ ಬಹುಮಟ್ಟಿಗೆ ವೈರಸ್ಸೇ ಕಾರಣ. ಜೊತೆಯಲ್ಲಿ ನೆಗಡಿ, ಕೆಮ್ಮು ಇರುತ್ತವೆ. ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಬೆಚ್ಚಗಿನ ಗಂಜಿ, ಸಾಕಷ್ಟು ನೀರು, ವಿಶ್ರಾಂತಿ, ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಟ್ಟರೆ ಸಾಮಾನ್ಯವಾಗಿ ವಾರದಲ್ಲಿ ಗುಣವಾಗುತ್ತದೆ. ಬಾಯಿ ಮುಕ್ಕಳಿಸಿ ಉಗುಳಬಲ್ಲ ಮಕ್ಕಳಿಗೆ ಬೆಚ್ಚಗಿನ ಉಪ್ಪುನೀರು ಹಿತ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು.

ಆದರೆ ನೆಗಡಿ, ಕೆಮ್ಮು ಇಲ್ಲದೆ ಇದ್ದಕ್ಕಿದ್ದಂತೆ ಜ್ವರ ಏರಿ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನಲ್ಲಿ ನೋಯುವ ಗಂಟು ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಕೆಲಸವಿರಬಹುದು. 3 ವರ್ಷದೊಳಗಿನವರಲ್ಲಿ ಇದು ಅಪರೂಪ. 5ರಿಂದ 15 ವರ್ಷದವರಲ್ಲಿ ಹೆಚ್ಚು. ಇದಕ್ಕೆ ವೈದ್ಯರು ಸಾಮಾನ್ಯವಾಗಿ 10 ದಿನಗಳ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದುಕೊಡುತ್ತಾರೆ.

ಮೂರನೆಯ ದಿನಕ್ಕೆ ಜ್ವರವಿಳಿದು ಮಗು ಆಡತೊಡಗುತ್ತದೆ. ಮನೆಯವರು ಔಷಧದ ಬಾಟಲಿಯನ್ನು ಕಪಾಟಿಗೆ ಸೇರಿಸುತ್ತಾರೆ. ಅಪಾಯವಿರುವುದು ಇಲ್ಲೇ. ರೋಗಾಣು ಪೂರ್ತಿ ಅಳಿಯದಿದ್ದರೆ ಎರಡು, ಮೂರು ವಾರಗಳ ಬಳಿಕ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರಬಹುದು. ರೋಗಾಣುವಿನ ವಿರುದ್ಧ ಸಜ್ಜಾದ ದೇಹದ ರಕ್ಷಣಾ ವ್ಯವಸ್ಥೆಯೇ ಆಗ ಕೀಲುಗಳ ಮೇಲೆ, ಹೃದಯದ ಮೇಲೆ ತಿರುಗಿಬೀಳುತ್ತದೆ. ಕೀಲುನೋವು ವಾಸಿಯಾಗುತ್ತದೆ, ಹೃದಯದ ಕವಾಟಕ್ಕಾದ ಹಾನಿ ಜೀವನಪೂರ್ತಿ ಉಳಿಯಬಹುದು.

ಉಸಿರಾಡಲು ಕಷ್ಟವಾದರೆ, ನುಂಗಲಾಗದೆ ಜೊಲ್ಲು ಸುರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಣ್ಣನಿಗೆ ತಂದು ಉಳಿದ ಔಷಧವನ್ನು ತಮ್ಮನಿಗೆ ಕುಡಿಸುವುದು ಬೇಡ. ವೈದ್ಯರು 10 ದಿನ ಎಂದಿದ್ದರೆ, ನೋವು ಮರೆತುಹೋಗಿದ್ದರೂ ಹತ್ತನೆಯ ದಿನದ ಕೊನೆಯ ಗುಟುಕನ್ನೂ ಕುಡಿಸಿ.