ಅಡುಗೆಮನೆಯ ದೀಪ ಎಲ್ಲಿರಬೇಕು?

ಕಳೆದ ವರ್ಷ ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಯನ್ನು ಹೊಸದಾಗಿ ಮಾಡಿಸಿದೆವು. ಕರಿಯ ಕಲ್ಲಿನ ಕಟ್ಟೆ, ಗೋಡೆಗೆ ಟೈಲ್ಸು, ಕಟ್ಟೆಯ ಮೇಲ್ಗಡೆ ಕಪಾಟುಗಳ ಸಾಲು. ಇವುಗಳ ಆಯ್ಕೆಗೆ ಒಂದು ತಿಂಗಳು ಹಿಡಿಯಿತು. ದೀಪದ ವಿಚಾರಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಛಾವಣಿಯ ನಡುವೆ ಮೊದಲಿದ್ದ ಸ್ಥಳದಲ್ಲಿಯೇ ಒಂದು ದೀಪವನ್ನು ಸಿಕ್ಕಿಸಿ ಕೆಲಸದವರು ಹೊರಟುಹೋದರು. ಎಂಟು ದಿನ ಕಳೆಯುವಷ್ಟರಲ್ಲಿ, ಸಂಜೆ ಹಾಗಲಕಾಯಿ ಹೆಚ್ಚುತ್ತಿದ್ದ ನಮ್ಮ ಮನೆಯಾಕೆ ಬೆರಳನ್ನು ಕೊಯ್ದುಕೊಂಡಳು. ಮೂರು ಹೊಲಿಗೆ ಹಾಕಿಸಬೇಕಾಯಿತು.

ಬೆನ್ನ ಹಿಂದೆ ದೀಪವಿದ್ದರೆ ಕಟ್ಟೆಯೆದುರು ನಿಂತವರ ನೆರಳು ಅವರ ಕೈಯ ಮೇಲೆಯೇ ಬೀಳುತ್ತದೆ. ಉಳಿದ ಬೆಳಕನ್ನು ಮೇಲಿನ ಕಪಾಟು ತಡೆಯುತ್ತದೆ. ಹದಿನೆಂಟು ವರ್ಷ ಹೋಟೆಲು ನಡೆಸಿದ ನನಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ನಮ್ಮಲ್ಲಿ ದೋಸೆಯ ಕೆಲಸಕ್ಕಿದ್ದ ಭಟ್ಟರು ಬಂದ ಮೊದಲ ದಿನವೇ, "ಧಣಿಗಳೇ, ಬೆಳಕು ಬೆನ್ನಿಗೆ ಬೇಡ, ಕೈಗೆ ಬೇಕು" ಎಂದು ಹೇಳಿ ಕಾವಲಿಯ ಎದುರಿನ ಗೋಡೆಗೆ ದೀಪ ಹಾಕಿಸಿಕೊಂಡಿದ್ದರು. ಭಟ್ಟರ ಮಾತನ್ನು ಹೋಟೆಲಿನಲ್ಲಿ ನಡೆಸಿಕೊಟ್ಟವನು ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಅಡುಗೆ ಮಾಡುವವಳನ್ನು ಒಂದು ಮಾತು ಕೇಳಲಿಲ್ಲ.

ಈಗ ಕಪಾಟಿನ ತಳದಲ್ಲಿ ಎಲ್‌ಇಡಿ ಪಟ್ಟಿಯನ್ನು ಹಾಕಿಸಿದ್ದೇವೆ. ಇದನ್ನು ಗೋಡೆಗೆ ಒತ್ತಿ ಕೂರಿಸಿದರೆ ಗೋಡೆಯೇ ಹೊಳೆಯುತ್ತದೆ; ಕಪಾಟಿನ ಮುಂದಿನ ಅಂಚಿಗೆ ಸಮೀಪವಿದ್ದರೆ ಕಟ್ಟೆಯ ಮೇಲೆ ಬೆಳಕು ಬೀಳುತ್ತದೆ. ಕಣ್ಣಿಗೆ ಕುಕ್ಕದಂತೆ ಅಂಚಿಗೊಂದು ಮರದ ಪಟ್ಟಿಯ ಮರೆ ಇರಲಿ. ತಂತಿಯ ದಾರಿಯನ್ನು ಟೈಲ್ಸು ಹಾಕುವುದಕ್ಕೆ ಮೊದಲೇ ನಿಶ್ಚಯಿಸಬೇಕು. ನಾವು ಎರಡು ಟೈಲ್ಸುಗಳನ್ನು ಒಡೆಯಬೇಕಾಯಿತು. ಅದೇ ಬಣ್ಣದವು ಮತ್ತೆ ಸಿಗಲಿಲ್ಲ.

ಕೊಳ್ಳುವಾಗ ವ್ಯಾಟನ್ನು ಮಾತ್ರ ನೋಡಬಾರದು. ಬೆಳಕಿನ ಪ್ರಮಾಣವನ್ನು ತಿಳಿಸುವುದು ಲ್ಯೂಮೆನ್. ಸುಮಾರು 800 ಲ್ಯೂಮೆನ್ ಕೊಡುವ 9 ವ್ಯಾಟಿನ ಎಲ್‌ಇಡಿಯು ಹಳೆಯ 60 ವ್ಯಾಟಿನ ಬಲ್ಬಿಗೆ ಸಮ. ದಿನಕ್ಕೆ 5 ಗಂಟೆ ಉರಿಸಿದರೆ 30 ದಿನಗಳಲ್ಲಿ ಆ ಬಲ್ಬಿಗೆ 9 ಯೂನಿಟ್, ಇದಕ್ಕೆ 1.35 ಯೂನಿಟ್. ಗುಮಾಸ್ತೆ ಬಂಧುಗಳು ಲೆಕ್ಕ ಹಾಕಿ ನೋಡಬಹುದು.

ಬಣ್ಣದ ವಿಚಾರವೂ ಇದೆ. ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 6500 ಎಂದಿದ್ದರೆ ನೀಲಿ ಬೆರೆತ ಬಿಳುಪು. ಅಡುಗೆಯ ಕಟ್ಟೆಗೆ 4000ದ ಆಸುಪಾಸು ಹಿತವೆಂಬುದು ನನ್ನ ಅನುಭವ. ಸಿ.ಆರ್.ಐ. ಎಂಬ ಅಂಕವು 90ರ ಸಮೀಪವಿದ್ದರೆ ಪದಾರ್ಥಗಳ ನಿಜವಾದ ಬಣ್ಣ ಕಾಣುತ್ತದೆ. ಕೊತ್ತಂಬರಿ ಹುರಿಯುವಾಗ ಕೆಂಪಾಯಿತೋ ಕರಕಾಯಿತೋ ಎಂಬುದನ್ನು ಬಣ್ಣದಿಂದಲೇ ಅರಿಯುವವರಿಗೆ ಇದು ಸಣ್ಣ ಮಾತಲ್ಲ.

ಬಾಡಿಗೆಯ ಖೋಲಿಯಲ್ಲಿರುವವರು ಗೋಡೆ ಕೊರೆಯಬೇಕಾಗಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಎರಡಡಿಯ ಪಟ್ಟಿದೀಪಗಳು ದೊರೆಯುತ್ತವೆ. ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು. ಅದರ ತಂತಿ ಮಾತ್ರ ಒಲೆಯ ಮೇಲೂ ನಲ್ಲಿಯ ಬಳಿಯೂ ಹಾಯದಿರಲಿ.